ಒಡ್ಡಿನ ಆಚಿಯ ನಾಕನೇ ಮನಿ

ನಾ ಸಿಟ್ಟಿನ ಹೆಂಗಸು. ಇದನ್ನ ಮೊದಲ ಹೇಳಿಬಿಡ್ತೇನಿ, ಇಲ್ಲಂದ್ರ ಮುಂದ ಓದೂವಾಗ ನೀವ ಅಂತೀರಿ. ಮುದ್ದೇಬಿಹಾಳದಿಂದ ಬಸ್ಸಿನ್ಯಾಗ ಮುಕ್ಕಾಲು ತಾಸಿನ ದಾರಿ ಇರೋ ಒಂದು ಹಳ್ಳಿ ಸಾಲ್ಯಾಗ ಮೂವತ್ತು ವರ್ಷ ಕನ್ನಡ ಕಲಿಸಿದೆ, ಕಡೀಕ ಹೆಡ್ ಅಕ್ಕೋರಾಗಿ ರಿಟೈರ್ ಆದೆ. ಹುಡುಗ್ಯಾರು ನನ್ನ ಬೆನ್ನ ಹಿಂದ 'ಹಸಿಮೆಣಸಿನಕಾಯಿ' ಅಂತಿದ್ರು. ನನಗ ಗೊತ್ತಿತ್ತು. ಒಳಗಿಂದೊಳಗ ಖುಷೀನೂ ಇತ್ತು. ತಪ್ಪು ಕಂಡಲ್ಲಿ ತಪ್ಪು ಅನ್ನೋ ಬಾಯಿ ನಂದು ಅಂತ ಜಂಬ. ಅಂಥಾ ನನ್ನ ಬಾಯಿ, ನನ್ನ ಸ್ವಂತ ಹೊಲದಾಗ, ಸುಣ್ಣದ ಗೆರಿ ಮ್ಯಾಲ ನಿಂತಾಗ ಹೆಂಗ ಕಟ್ಟಿ ಹೋತು ಅನ್ನೂದನ್ನ ಈಗ ಹೇಳಾಕತ್ತೇನಿ.

ಮುದ್ದೇಬಿಹಾಳದಾಗ ಮನಿ ಮಾಡಿಕೊಂಡಿದ್ದ ನಾವು ನಾಕು ಮಂದಿ ದಿನಾ ಒಂದ ಬಸ್ಸಿಗೆ ಹೋಗಿ ಒಂದ ಬಸ್ಸಿಗೆ ಬರ್ತಿದ್ವಿ. ನಾ ಮುದ್ದೇಬಿಹಾಳದಾಕಿ. ಹಿಂದಿ ಅಕ್ಕೋರು ಸಿಂದಗಿಯವರು. ಗಣಿತದ ಅಕ್ಕೋರು ಬಸವನ ಬಾಗೇವಾಡಿಯವರು. ವಿಜ್ಞಾನ ಕಲಿಸೂ ನನ್ನ ಗೆಳತಿ ಇಂಡಿ ಕಡಿಯಾಕಿ. ನಾನೂ ಹಿಂದಿ ಅಕ್ಕೋರೂ ಗಂಡನ್ನ ಕಳಕೊಂಡವರು, ಗಣಿತದ ಅಕ್ಕೋರು ಗಂಡನ್ನ ಬಿಟ್ಟವರು, ನನ್ನ ಗೆಳತಿ ಲಗ್ನದ ಗೊಡವಿಗೇ ಹೋಗದಾಕಿ. "ನಮ್ಮೊಳಗ ಶಾಣ್ಯಾಕಿ ಅಂದ್ರ ನೀ ಒಬ್ಬಾಕೀನ" ಅಂತ ಆಕಿಗೆ ಚ್ಯಾಷ್ಟಿ ಮಾಡ್ತಿದ್ವಿ.

ಆಕಿ ಅಪ್ಪ ಸೋಲಾಪುರದ ಗಿರಣ್ಯಾಗ ದುಡಿದು, ಅಲ್ಲೇ ಬೌದ್ಧ ಆಗಿ, ಊರಿಗೆ ಹೊಳ್ಳಿ ಬಂದು ಮಕ್ಕಳನ್ನ ಓದಿಸಿದ ಮನಷ್ಯಾ. ಊರ ಹೊರಗಿನ ಕೇರಿಯಿಂದ ಸಾಲಿಗೆ ಬಂದು, ಬಿ.ಎಸ್‌ಸಿ. ಮಾಡಿದ ಮೊದಲನೇ ಹುಡುಗಿ ಆಕಿ. ಇದನ್ನ ನಾ ಯಾವತ್ತೂ ಮುಚ್ಚಿಟ್ಟಾಕಿ ಅಲ್ಲ. ಎಲ್ಲಾರ ಮುಂದ ಹೆಮ್ಮಿಯಿಂದ ಹೇಳ್ತಿದ್ದೆ. ಸಾಲ್ಯಾಗ ವಚನದ ಪಾಠ ಬಂದಾಗ ಹುಡುಗ್ಯಾರಿಗೆ ನಮ್ಮಿಬ್ಬರ ಗೆಳೆತನಾನ ಉದಾಹರಣಿ ಕೊಡ್ತಿದ್ದೆ. ಈಗ ನೆನಸಿದ್ರ ಮೈಯೆಲ್ಲಾ ನಾಚಿಕಿ ಬರ್ತೈತಿ.

ನಾಕೂ ಮಂದಿ ಕೂಡಿ ಇರೋ ವಿಚಾರ ಆಕೀದ. ಬಸ್ಸಿನ್ಯಾಗ ಕಿಡಕಿ ಬಾಜೂಕ ಕುಂತು, "ಅಕ್ಕೋರ, ರಿಟೈರ್ ಆದಮ್ಯಾಲ ನಾಕು ಸಣ್ಣ ಮನಿ ಕಟ್ಟಿಕೊಂಡು ಒಂದ ಕಡೆ ಇರೋಣ್ರಿ. ಯಾರ ಮಗಂದೂ ಹಂಗಿಲ್ಲ, ಯಾರ ಸೊಸಿದೂ ಗೊಣಗಾಟಿಲ್ಲ" ಅಂತಿದ್ಳು. ಆವಾಗ ನಕ್ಕು ಬಿಟ್ಟಿದ್ವಿ. ರಿಟೈರ್ ಆದ ಮರುವರ್ಷ ಆಕಿ ನಮ್ಮ ಗ್ರೂಪಿಗೆ ಒಂದು ವಿಡಿಯೋ ಹಾಕಿದ್ಳು. ಯಾವುದೋ ದೇಶದಾಗ ಮುದುಕ್ಯಾರೆಲ್ಲಾ ಆಡಿನ ಕೊಟ್ಟಿಗಿಯಷ್ಟು ಸಣ್ಣ ಸಣ್ಣ ಮನಿ ಕಟ್ಟಿಕೊಂಡು, ಬಾಗಲ ಮುಂದ ಹೂವಿನ ಕುಂಡಿ ಇಟ್ಟುಕೊಂಡು ಕುಂತಿದ್ರು. ಕೆಳಗ ಬರೆದಿದ್ಳು: "ಇವರಿಗಿಂತ ನಾವೇನ ಕಮ್ಮಿ?"

ಹೂವಿನ ಹಿಪ್ಪರಗಿ ಹತ್ರ ನನ್ನ ತವರಿನಿಂದ ಬಂದ ಎರಡು ಎಕರೆ ಎರಿ ಹೊಲ ಐತಿ. "ಜಾಗಾ ನಂದು, ಪ್ಲಾನೂ ನಂದು, ಯಾರೂ ನಡಬರ್ಕ ಬಾಯಿ ಹಾಕಬಾರ್ದು" ಅಂತ ಅವತ್ತ ಹೇಳಿಬಿಟ್ಟೆ. ಎಲ್ಲಾರೂ ಹೂಂ ಅಂದ್ರು. ಮೂವತ್ತು ವರ್ಷ ನನಗ ಹೂಂ ಅಂದು ಅಂದು ಅವರಿಗೂ ರೂಢಿ ಆಗಿತ್ತು.

ಗ್ರಾಫ್ ಹಾಳಿ ತಂದು, ಪೆನ್ಸಿಲ್ ಕೆತ್ತಿ, ಹದಿನೈದು ದಿನ ಕುಂತೆ. ಒಂದೊಂದು ಮನಿಗೆ ಒಂದು ಖೋಲಿ, ಒಂದು ಬಚ್ಚಲ, ಮುಂದ ಎರಡು ಕುರ್ಚಿ ಹಿಡಿಯೂವಷ್ಟು ಕಟ್ಟಿ. ಅಡಗಿಮನಿ ಮಾತ್ರ ನಾಕೂ ಮಂದಿಗೆ ಕೂಡಿ ಒಂದ. ಹೊಲ ಪಡುವಣಕ್ಕ ಎತ್ತರ ಐತಿ, ಮೂಡಣಕ್ಕ ಇಳಿಜಾರು. ಎತ್ತರದಾಗ ಬೋರು, ಅದರ ಬಾಜೂಕ ನೀರಿನ ಟಾಕಿ. ಟಾಕಿ ಹತ್ರ ನನ್ನ ಮನಿ. ಅದರ ಕೆಳಗ ಅಡಗಿಮನಿ, ಅದರ ಎಡಕ ಬಲಕ ಹಿಂದಿ ಅಕ್ಕೋರು, ಗಣಿತದ ಅಕ್ಕೋರು. ಆಮ್ಯಾಲ ಹೊಲದ ನಡುವ ಮಣ್ಣಿನ ಒಡ್ಡು ಬರ್ತೈತಿ, ಮಳಿ ನೀರಿಗೆ ಮಣ್ಣು ಕೊಚ್ಚಿ ಹೋಗಬಾರ್ದಂತ ನಮ್ಮಜ್ಜ ಹಾಕಿಸಿದ್ದು. ಒಡ್ಡಿನ ಆಚಿ ಕಡೆ ಒಂದು ದೊಡ್ಡ ಬೇವಿನ ಗಿಡ. ಅದರ ಕೆಳಗ ನನ್ನ ಗೆಳತಿ ಮನಿ.

ಯಾಕ ಅಲ್ಲಿ ಅಂತ ಯಾರರ ಕೇಳಿದ್ರ ನನ್ನ ಹತ್ರ ಕಾರಣ ತಯಾರಿದ್ವು. ಆಕಿ ನಸಿಕಿನಾಗ ಎದ್ದು ಓದೂವಾಕಿ, ಗದ್ದಲ ಆಗಂಗಿಲ್ಲ. ಬೇವಿನ ನೆಳ್ಳಂದ್ರ ಜೀವ. ಮೂಡಣದ ಬಿಸಿಲು ಮೊದಲ ಆಕಿ ಬಾಗಲಕ್ಕ ಬೀಳ್ತೈತಿ. ಇನ್ನ ಅಡಗಿಮನಿ ದೂರ ಆತು ಅಂದ್ರ, ಆಕಿಗೆ ಅಡಗೀನ ಬರಂಗಿಲ್ಲ! ಇದು ನಮ್ಮ ಸ್ಟಾಫ್ ರೂಮಿನ ಹಳೇ ಚ್ಯಾಷ್ಟಿ. ನಾವೆಲ್ಲಾ ರೊಟ್ಟಿ, ಪಲ್ಲೆ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದ್ರ ಆಕಿ ಮಾತ್ರ ದಿನಾ ಒಂದು ಹಣಗಿ ಬಾಳಿಹಣ್ಣು ತರ್ತಿದ್ಳು. "ನಿನ್ನ ಕಟ್ಟಿಕೊಂಡವ ಉಪವಾಸ ಸಾಯ್ತಿದ್ದ ಬಿಡು" ಅಂತ ನಾ ಅಂತಿದ್ದೆ. ಆಕೀನೂ ನಗ್ತಿದ್ಳು.

ಪ್ಲಾನ್ ಮೊದಲ ಆಕಿಗೇ ತೋರಿಸಿದೆ. ಚಸ್ಮಾ ಏರಿಸಿಕೊಂಡು ಬಾಳ ಹೊತ್ತು ನೋಡಿದ್ಳು. ಪೆನ್ಸಿಲ್ ಗೆರಿ ಮ್ಯಾಲ ಬಟ್ಟು ಆಡಿಸಿದ್ಳು. ಆಮ್ಯಾಲ ಹಾಳಿ ಮಡಚಿ ನನ್ನ ಕೈಗೆ ಕೊಟ್ಟು, "ಆತ್ರಿ ಅಕ್ಕೋರ, ಚಲೋ ಆಗೇತಿ" ಅಂದ್ಳು. ನಾ ಉಬ್ಬಿ ಹೋದೆ. ಉಳಿದ ಇಬ್ಬರೂ ಎಲ್ಲಾ ಬರೋಬ್ಬರಿ ಐತಿ ಅಂದ್ರು.

ಎರಡು ತಿಂಗಳ ಮ್ಯಾಲ ಪಾಯಾ ತಗಿಯೂದಕ್ಕಿಂತ ಮೊದಲ ಗೌಂಡಿಯವನ್ನ ಕರಕೊಂಡು ಹೋಗಿ ನೆಲದ ಮ್ಯಾಲ ಗುರ್ತು ಹಾಕಿಸಿದೆ. ಗೂಟ ಬಡಿದು, ಸುತಳಿ ಎಳೆದು, ಸುಣ್ಣದ ಪುಡಿ ಉದುರಿಸಿಕೊಂತ ನಡೆದ. ವಯಸ್ಸಾದ ಮನಷ್ಯಾ, ಮಾತು ಕಡಿಮಿ. ಒಡ್ಡು ದಾಟಿ ನಾಕನೇ ಮನಿ ಗೂಟ ಬಡಿಯೂವಾಗ ಕೇಳಿದ:

"ಈ ಆಚಿ ಮನಿ ಯಾರದ್ರಿ?"

"ನಮ್ಮ ವಿಜ್ಞಾನದ ಅಕ್ಕೋರದು."

"ಹಾಂ, ತಿಳೀತ್ರಿ."

"ನಿನಗೇನು ತಿಳೀತೋ ಮಾರಾಯಾ? ನೀ ಅವರ ಮುಖಾನ ನೋಡಿಲ್ಲ!"

"ಪ್ಲಾನ್ ನೋಡಿದ್ರ ತಿಳೀತೈತಲ್ರಿ" ಅಂದು ಮತ್ತ ಸುತಳಿ ಎಳೆಯಾಕತ್ತಿದ. ಅಡ್ಡಾದಿಡ್ಡಿ ಮಾತು ಅಂದುಕೊಂಡು ನಾನೂ ಬಿಟ್ಟೆ.

ಆದ್ರ ಅವ ಒಂದು ಮಾತು ಖರೇ ಹೇಳಿದ. ಮ್ಯಾಲಿನ ಮೂರು ಮನಿ, ಅಡಗಿಮನಿ ಎಲ್ಲಾ ನೀರು ಬಳಸಿದಮ್ಯಾಲ ಕಡೀ ಮನಿಗೆ ನೀರು ಜೋರಾಗಿ ಬರೂದು ಕಷ್ಟ ಅಂದ. ನಾ ಅಲ್ಲೇ ನಿಂತು ವಿಚಾರ ಮಾಡಿ, "ಹಂಗಾರ ಆಕಿಗೆ ಬ್ಯಾರೆ ಟಾಕಿ ಇಡು. ನನ್ನ ಗೆಳತಿಗೆ ನೀರಿಂದ ಕೊರತಿ ಆಗಬಾರ್ದು" ಅಂದೆ. ಹೇಳುವಾಗ ಎದಿ ಎಷ್ಟು ಹಗರ ಆಗಿತ್ತಂದ್ರ, ಆಕಿಗೆ ದೊಡ್ಡ ಉಡುಗೊರೆ ಕೊಟ್ಟಂಗ ಆಗಿತ್ತು.

ಮರುದಿನ ಮುಂಜಾನಿ ಆಕೀನ ಫೋನ್ ಮಾಡಿ ಕರಿಸಿದೆ. ಹಿಪ್ಪರಗಿಗೆ ಬಸ್ಸಿಗೆ ಬಂದು, ಅಲ್ಲಿಂದ ಆಟೋ ಹಿಡದು ಹೊಲದ ಹತ್ರ ಇಳಿದ್ಳು. ಕೈಯಾಗ ಛತ್ರಿ, ಮುಖದ ತುಂಬ ನಗಿ. ಮಗಳನ್ನ ಹೊಸಾ ಮನಿಗೆ ಕರಕೊಂಡು ಹೋದಂಗ ಕೈ ಹಿಡಕೊಂಡು ಒಡ್ಡು ದಾಟಿಸಿದೆ. ಸುಣ್ಣದ ಗೆರಿ ಬಿಟ್ಟ ಜಾಗಾ ತೋರಿಸಿ, "ಇದು ನಿನ್ನ ಬಾಗಲ. ಬಲಗಾಲಿಟ್ಟು ಒಳಗ ಬಾ" ಅಂದೆ. ನಕ್ಕೊಂತ ಬಲಗಾಲಿಟ್ಟು ಬಂದ್ಳು. "ಇಲ್ಲಿ ಮಂಚ. ಇಲ್ಲಿ ಪುಸ್ತಕದ ಕಪಾಟು. ಇಲ್ಲಿ ಬಚ್ಚಲ" ಅಂತ ಬರೀ ಮಣ್ಣಿನ ಮ್ಯಾಲ ಓಡಾಡಿ ತೋರಿಸಿದೆ. ಆಮ್ಯಾಲ ಕಡೀಕ ಹೇಳಬೇಕಂತ ಇಟ್ಟುಕೊಂಡಿದ್ದ ಸುದ್ದಿ ಹೇಳಿದೆ.

"ನಿನಗಂತ ಬ್ಯಾರೆ ಟಾಕಿ ಇಡಾಕತ್ತೇನಿ. ನಿನ್ನ ನೀರು ನಿಂದ. ನಮ್ಮ ನೀರಿನ ದಾರಿ ನೋಡೂ ಕೆಲಸಾನ ಇಲ್ಲ."

ಆಕಿ ಮುಖದ ನಗಿ ಹೋತು.

"ಬ್ಯಾರೆ ಟಾಕೀರಿ?"

"ಹೂಂ ಮತ್ತ!"

ಆಕಿ ಛತ್ರಿ ಮಡಚಿದ್ಳು. ಸುಣ್ಣದ ಗೆರಿ ತುಳಿಯದಂಗ ಸರಿದು ನಿಂತ್ಳು. ಏಳನೇ ಕ್ಲಾಸಿನ ಹುಡುಗ್ಯಾರಿಗೆ ಕೇಳೂ ದನಿಯಾಗ, ಸಮಾಧಾನದಿಂದ ಕೇಳಿದ್ಳು:

"ಅಕ್ಕೋರ, ನಿಮ್ಮ ಹೊಲದಾಗ ನೀರು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗೀತೈತ್ರಿ?"

"ಅಲ್ಲಿ ಬೋರಿನಿಂದ. ಇಲ್ಲಿ ನಿನ್ನ ಮನಿಗೆ ಮುಗೀತೈತಿ."

"ಮೂರು ಮನಿ ಬಚ್ಚಲ ನೀರು ಎತ್ತಾಗ ಹರೀತೈತ್ರಿ?"

"ಇಳಿಜಾರು ಎತ್ತಾಗ ಐತಿ ಅತ್ತಾಗ. ಈ ಕಡೆ."

"ನಮ್ಮ ಸೀಮಿಯಾಗ ಗಾಳಿ ಬಾಳ ದಿನ ಎತ್ತಾಗಿಂದ ಬೀಸ್ತೈತ್ರಿ?"

"ಪಡುವಣದಿಂ..." ಅಂದಾಕಿ ಅಲ್ಲೇ ನಿಂತೆ.

ಮುದ್ದೇಬಿಹಾಳ ತಾಲೂಕಿನ ಹಳ್ಳಿ, ಇಂಡಿ ಹಳ್ಳಿ, ಸಿಂದಗಿ ಹಳ್ಳಿ, ನಾ ಹುಟ್ಟಿದ ಊರು, ಎಲ್ಲಾ ಒಂದ ಸಲ ಕಣ್ಣ ಮುಂದ ಬಂದು ನಿಂತ್ವು. ನೀರು ಮುಗಿಯೂ ಕಡೆ, ಹೊಲಸು ಹರಿಯೂ ಕಡೆ, ಊರ ಮ್ಯಾಲಿಂದ ಬೀಸಿ ಬಂದ ಗಾಳಿ ಹೋಗಿ ಬಡಿಯೂ ಕಡೆ ಯಾರ ಕೇರಿ ಇರ್ತೈತಿ ಅನ್ನೂದು ನಮ್ಮ ಸೀಮಿಯಾಗ ಕೂಸಿಗೂ ಗೊತ್ತು. ಎಂದೂ ಯಾರೂ ನನಗ ಕಲಿಸಿರಲಿಲ್ಲ. ಪೆನ್ಸಿಲ್ ತಾನಾಗೇ ಅಲ್ಲಿಗೆ ಹೋಗಿತ್ತು. ಗೌಂಡಿ ಆಕಿ ಮುಖ ನೋಡದೇ ತಿಳಕೊಂಡಿದ್ದು ಏನನ್ನ ಅಂತ ನನಗ ಅವಾಗ ತಿಳೀತು.

ತಪ್ಪಾತು ಅಂದೆನೇನು? ಇಲ್ಲ. ಸಿಟ್ಟಿಗೆದ್ದೆ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡ್ನಂತ, ಹಂಗಾತು ನಂದು.

"ಏನ್ ಮಾತಾಡ್ತಿ ನೀ? ನನ್ನ ಅಂಥಾಕಿ ಅಂದುಕೊಂಡಿಯೇನ? ಬೇವಿನ ನೆಳ್ಳು ಐತಿ, ಮೂಡಣದ ಬಿಸಿಲು ಐತಿ ಅಂತ ಇಲ್ಲಿ ಕೊಟ್ಟೆ! ಮೂವತ್ತು ವರ್ಷ ಒಂದ ಬಸ್ಸಿನ್ಯಾಗ ತಿರುಗೇವಿ, ಒಂದ ಟೇಬಲ್ಲಿಗೆ ಕುಂತು ಉಂಡೇವಿ! ಎರಡು ತಿಂಗಳ ಹಿಂದ ಪ್ಲಾನ್ ತೋರಿಸಿದಾಗ ಬಾಯಿ ಇರಲಿಲ್ಲೇನ ನಿನಗ?"

"ಕಾಗದ ನೋಡಿದಾಗ್ಲೇ ತಿಳಿದಿತ್ರಿ" ಅಂದ್ಳು. "ಹೋಗ್ಲಿ, ನಿಮ್ಮ ಸಂಗ್ತಿ ಇರೂದು ಸಿಗ್ತೈತಲ್ಲ ಅಂತ ಸುಮ್ಮನಾಗಿದ್ದೆ. ನೀರೂ ಬ್ಯಾರೆ ಅಂದ್ರಲ್ಲ, ಅದನ್ನ ಮಾತ್ರ ನುಂಗಾಕ ಆಗಲಿಲ್ರಿ."

ಇದನ್ನ ಕೇಳಿ ನನಗ ಇನ್ನೊಂದು ಹೊಡ್ತ ಬಿದ್ದಂಗಾತು. ತಿಳಿದೂ ಒಪ್ಪಿಕೊಂಡಿದ್ಳು ಆಕಿ! ಎರಡು ತಿಂಗಳು ಆ ಹಾಳೀನ ಮನಸಿನ್ಯಾಗ ಇಟ್ಟುಕೊಂಡು ನನ್ನ ಸಂಗ್ತಿ ಫೋನಿನ್ಯಾಗ ನಕ್ಕೊಂತ ಮಾತಾಡಿದ್ಳು.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಎಲ್ಲಾ ಅಳಿಸಿ ಹಾಕ್ತೇನಿ! ಎರಡು ಎಕರೆದಾಗ ನಿನಗ ಯಾವ ಜಾಗಾ ಬೇಕು ನೀನ ಆರಿಸ್ಕೋ. ಎಲ್ಲಿ ಅಂತೀ ಅಲ್ಲಿ ಕಟ್ಟಿಸ್ತೇನಿ" ಅಂದೆ.

ಆಕಿ ನನ್ನ ಮುಖ ಒಮ್ಮೆ ನೋಡಿ, ಒಡ್ಡು ಹತ್ತಿ ಇಳಿದು, ಮ್ಯಾಲಕ್ಕ ನಡೆದ್ಳು. ನಾ ಹಿಂದಿಂದ ಹೋದೆ. ಅಡಗಿಮನಿ ಗೆರಿ ದಾಟಿದ್ಳು. ಬೋರಿನ ಬಾಜೂಕ, ಎಲ್ಲಾದಕ್ಕೂ ಎತ್ತರದಾಗ ಇದ್ದ ನನ್ನ ಮನಿ ಗೆರಿಯೊಳಗ ಹೋಗಿ ನಟ್ಟ ನಡುವ ನಿಂತ್ಳು.

"ಇದು ಬೇಕ್ರಿ" ಅಂದ್ಳು.

ನನ್ನ ಬಾಯಿ ತೆರೀಲಿಲ್ಲ. ಒಳಗ ಒಂದು ಮಾತು ಎದ್ದು ಬಂದಿತ್ತು: ಅಬ್ಬಬ್ಬಾ, ಇಕಿ ಧೈರ್ಯ ನೋಡು! ಆ ಮಾತು ನಂದ. ನನ್ನ ಅತ್ತೀದಲ್ಲ, ನಮ್ಮಪ್ಪಂದಲ್ಲ, ಊರ ಗೌಡಂದಲ್ಲ, ನಂದ. ಇನ್ನೊಬ್ಬರ ಬಾಯಾಗ ಅಂಥಾ ಮಾತು ಬಂದಿದ್ರ ಅವರನ್ನ ಅಲ್ಲೇ ಗದರಿಸಿ ನೀರಿಳಿಸ್ತಿದ್ದೆ. ನನ್ನೊಳಗ ಎದ್ದಾಗ ಯಾರನ್ನ ಗದರಿಸಲಿ? ಎಷ್ಟು ಹೊತ್ತು ಹಂಗ ನಿಂತಿದ್ದೆ ಗೊತ್ತಿಲ್ಲ. ಆಮ್ಯಾಲ "ತಗೋ" ಅಂದೆ. ತಡಾ ಆಗಿತ್ತು.

"ಇಷ್ಟೊತ್ತು ಸುಮ್ಮನ ನಿಂತ್ರಲ್ಲ ಅಕ್ಕೋರ," ಅಂದ್ಳು ಆಕಿ, "ಅದನ್ನ ನೋಡಬೇಕಾಗಿತ್ತು ನನಗ." ದನಿಯಾಗ ಸಿಟ್ಟಿರಲಿಲ್ಲ. ಇದ್ದಿದ್ರ ಚಲೋ ಆಗ್ತಿತ್ತು, ನಾನೂ ನಾಕು ಮಾತು ಆಡ್ತಿದ್ದೆ. ಛತ್ರಿ ಬಿಚ್ಚಿಕೊಂಡು ರಸ್ತಾಕ್ಕ ಹೋದ್ಳು. ಆಟೋ ಸಿಗೂತನಕ ಬಿಸಿಲಾಗ ನಿಂತಿದ್ದು ನನಗ ಹೊಲದಿಂದ ಕಾಣಿಸ್ತಿತ್ತು. ಹೋಗಿ ಕರಿಯೂ ಮುಖ ಇರಲಿಲ್ಲ.

ಎಂಟು ದಿನ ಫೋನ್ ಮಾಡಲಿಲ್ಲ. ಆಕೀನೂ ಮಾಡಲಿಲ್ಲ. ಆಕಿ ಬರಲಿಲ್ಲಂದ್ರ ಮನಿ ಕಟ್ಟೂದ ಬ್ಯಾಡ ಅಂತ ಗೌಂಡಿಗೆ ಹೇಳಿ ಕಳಿಸಿದ್ದೆ. ಮನಿಗಿಂತ ಹೆಚ್ಚಿಂದು ಹೋಗಾಕತ್ತಿತ್ತು. ಊಟ ಸೇರಲಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ ಮುದ್ದೇಬಿಹಾಳದಾಗ ಆಕಿ ಬಾಡಗಿ ಮನಿಗೆ ನಾನ ಹೋದೆ. ಬಾಗಲ ತೆರದಿತ್ತು. ಒಳಗಿಂದ ಪಟ್ ಪಟ್ ಪಟ್ ಅಂತ ಸಪ್ಪಳ ಬರಾಕತ್ತಿತ್ತು. ಆ ಸಪ್ಪಳ ಯಾವುದು ಅಂತ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಆದ್ರೂ ನಂಬಿಕಿ ಬರಲಿಲ್ಲ. ಯಾರೋ ಬಂದಾರ ಅಂದುಕೊಂಡು ಅಡಗಿಮನಿ ಬಾಗಲಕ್ಕ ಹೋಗಿ ನೋಡಿದ್ರ ಆಕೀನ ಕುಂತು ರೊಟ್ಟಿ ಬಡಿಯಾಕತ್ತಿದ್ಳು. ಹಾಳಿಯಷ್ಟು ತೆಳುವು, ಚಂದ್ರನಂಥಾ ಸಜ್ಜಿ ರೊಟ್ಟಿ. ಬಾಜೂಕ ಬದನೀಕಾಯಿ ಎಣ್ಣಿಗಾಯಿ. ಘಮಘಮಾ ಅಂತಿತ್ತು.

"ನಿನಗ... ಅಡಗಿ ಬರ್ತೈತಿ?" ಅಂದೆ.

ಆಕಿ ತಿರುಗಿ ನೋಡಿ, ಕೈ ಹಿಟ್ಟು ಜಾಡಿಸಿಕೊಂಡು ನಕ್ಕಳು. "ಎಂಟು ವರ್ಷದಾಕಿ ಇದ್ದಾಗಿಂದ ಬರ್ತೈತ್ರಿ."

"ಮತ್ತ ಆ ಬಾಳಿಹಣ್ಣು?"

ಆಕಿ ತವಾದ ಮ್ಯಾಲಿನ ರೊಟ್ಟಿ ಹೊಳ್ಳಿಸಿ ಹಾಕಿ, ಅವಸರಿಲ್ಲದ ಹೇಳಿದ್ಳು. "ಸಾಲಿಗೆ ಬಂದ ಮೊದಲನೇ ದಿನ ನಾನೂ ಡಬ್ಬಿ ತಂದಿದ್ದೆನ್ರಿ. ಇದ ಎಣ್ಣಿಗಾಯಿ. ಟೇಬಲ್ ನಡುವ ಎಲ್ಲಾರ ಡಬ್ಬಿ ಜೋಡಿ ಬಿಚ್ಚಿಟ್ಟೆ. ಎಲ್ಲಾರ ಕೈ ಎಲ್ಲಾರ ಡಬ್ಬಿಗೂ ಹೋದ್ವು. ನನ್ನ ಡಬ್ಬಿಗೆ ಒಬ್ಬರ ಕೈನೂ ಬರಲಿಲ್ಲ. ಮರುದಿನ ಬಾಳಿಹಣ್ಣು ಒಯ್ದೆ. ಸಿಪ್ಪಿ ಇರ್ತೈತಲ್ರಿ. ಎಲ್ಲಾರೂ ಕೈ ಚಾಚಿದ್ರಿ. ಆಮ್ಯಾಲ ಅದ ನಡೀತು."

"ನಾನೂ? ನನ್ನ ಕೈನೂ?"

"ನೀವು ಹೊಟ್ಟಿ ಸರಿ ಇಲ್ಲ ಅಂದ್ರಿ."

ನನಗ ನೆನಪಿಲ್ಲ. ಆಣಿ ಮಾಡಿ ಹೇಳ್ತೇನಿ, ಎಷ್ಟು ಕೆದಕಿದ್ರೂ ಆ ದಿನ ನನ್ನ ನೆನಪಿನ್ಯಾಗಿಲ್ಲ. ಆಕಿಗೆ ಪಲ್ಲೆ ಯಾವುದು ಅನ್ನೂದೂ ನೆನಪೈತಿ. ನನಗ ನೆನಪಿರೂದು ಆಕಿಗೆ ಅಡಗಿ ಬರಂಗಿಲ್ಲ ಅನ್ನೂ ಚ್ಯಾಷ್ಟಿ ಮಾತ್ರ. ಅದನ್ನ ಶುರು ಮಾಡಿದಾಕೀನ ನಾನು. ಮೂವತ್ತು ವರ್ಷ ಆಕಿ ನಮ್ಮ ಮರ್ಯಾದಿ ಕಾದಿದ್ದಳು, ಬಾಳಿಹಣ್ಣು ಕೊಟ್ಟು. ಯವ್ವಾ ಅಂದು ಅಲ್ಲೇ ನೆಲಕ್ಕ ಕುಂತೆ. ಅಳು ಬಂತು. ಅಳು ಬಂದದ್ದಕ್ಕ ಮತ್ತ ಸಿಟ್ಟು ಬಂತು.

"ಅಳಬ್ಯಾಡ್ರಿ, ರೊಟ್ಟಿ ಆರ್ತಾವ" ಅಂದ್ಳು ಆಕಿ. ತಾಟು ಕೊಟ್ಟಳು. ಉಂಡೆ. ನಾಕು ರೊಟ್ಟಿ ಉಂಡೆ. ಅಂಥಾ ಎಣ್ಣಿಗಾಯಿ ನಮ್ಮ ನಾಕು ಮಂದ್ಯಾಗ ಯಾರಿಗೂ ಮಾಡಾಕ ಬರಂಗಿಲ್ಲ.

ಉಂಡು ಕೈ ತೊಳಕೊಂಡಮ್ಯಾಲ ಆಕೀನ ಮಾತು ತಗದ್ಳು. "ನಾ ಬರ್ತೇನ್ರಿ. ವಿಚಾರ ಮೊದಲ ನಂದ ಅಲ್ಲೇನು. ಆದ್ರ ಒಡ್ಡಿನ ಆಚಿ ಇರಂಗಿಲ್ಲ, ಬ್ಯಾರೆ ಟಾಕಿ ನೀರು ಕುಡಿಯಂಗಿಲ್ಲ. ನಿಮ್ಮ ಜಾಗಾನೂ ಬ್ಯಾಡ ನನಗ, ಅವತ್ತು ಸುಮ್ಮನ ಕೇಳಿದ್ದೆ. ಮ್ಯಾಲ ಜಾಗಾ ಬೇಕಾದಷ್ಟೈತಿ. ನಾಕೂ ಮನಿ ಅಡಗಿಮನಿ ಸುತ್ತ ಕಟ್ಟೋಣು."

ಎಷ್ಟು ಸರಳ ಮಾತು! ಹೂಂ ಅಂದಿದ್ರ ಮುಗೀತಿತ್ತು. ಆದ್ರ ನಾ ಹಟಮಾರಿ. ತಪ್ಪು ಮಾಡೂವಾಗ ಎಷ್ಟು ಜೋರೋ ತಪ್ಪು ತಿದ್ದಿಕೊಳ್ಳೂವಾಗ್ಲೂ ಅಷ್ಟ ಜೋರು.

"ಇಲ್ಲ. ಮ್ಯಾಲಿನ ಮನಿ ನಿಂದ. ಆ ಆಚಿ ಮನೀನೂ ಕಟ್ಟಿಸ್ತೇನಿ. ಅಲ್ಲಿ ನಾ ಇರ್ತೇನಿ."

"ಅಲ್ಲಿ ಯಾರರ ಯಾಕ ಇರಬೇಕ್ರಿ? ಅಳಿಸಿ ಒಗೀರಿ ಅದನ್ನ."

"ನಾ ಹಾಕಿದ ಗೆರಿ. ನಾನ ಅನುಭವಿಸ್ತೇನಿ."

"ಅದೂ ನಿಮ್ಮ ದೊಡ್ಡಸ್ತಿಕೀನ ನೋಡ್ರಿ ಅಕ್ಕೋರ" ಅಂದ್ಳು. ಕೇಳಿಸಿಕೊಂಡೆ, ಕಿವಿಗೆ ಹಾಕ್ಕೊಳ್ಳಲಿಲ್ಲ.

ಉಳಿದ ಇಬ್ಬರಿಗೆ ಜಾಗಾ ಅದಲ್ ಬದಲ್ ಆಗೇತಿ ಅಂತ ಹೇಳಿದೆ, ಕಾರಣ ಹೇಳಲಿಲ್ಲ. ಹಿಂದಿ ಅಕ್ಕೋರು ಕೇಳಿದಕೂಡ್ಲೆ ಗದ್ದಕ್ಕ ಕೈ ಹಚ್ಚಿದ್ರು. "ಅಯ್ಯ ಶಿವನ, ನೀವ್ಯಾಕ್ರಿ ಅಲ್ಲಿ? ಎಷ್ಟು ದೂರ ಐತಿ! ಬಚ್ಚಲ ನೀರೆಲ್ಲಾ ಅಲ್ಲೇ ಹೋಗಿ ನಿಲ್ತೈತಿ. ಅದು ಮನಿ ಕಟ್ಟೂ ಜಾಗಾನ ಅಲ್ರಿ!"

"ಎರಡು ತಿಂಗಳಿಂದ ಆ ಜಾಗಾ ಹಂಗ ಇತ್ತಲ್ರಿ. ಆವಾಗ ಯಾಕ ಅನ್ನಲಿಲ್ಲ ನೀವು?" ಅಂದೆ.

ಅವರು ಗಣಿತದ ಅಕ್ಕೋರ ಮುಖ ನೋಡಿದ್ರು. ಗಣಿತದ ಅಕ್ಕೋರು ಸೆರಗು ಸರಿ ಮಾಡಿಕೊಂಡ್ರು. ಇಬ್ಬರ ಮುಖಾನೂ ಬಿಳಿಚಿಕೊಂಡ್ವು. ನನ್ನ ಮುಖ ಅವತ್ತು ಹೆಂಗ ಆಗಿರಬೇಕು ಅಂತ ಅವರನ್ನ ನೋಡಿ ತಿಳಕೊಂಡೆ.

ಮನಿ ಎದ್ದು ನಿಂತ್ವು. ಬ್ಯಾರೆ ಟಾಕಿ ಇಡಲಿಲ್ಲ, ಎಲ್ಲಾರಿಗೂ ಒಂದ ಪೈಪು. ಸಣ್ಣ ಮನಿ ಆದ್ರೂ ಚಂದ ಆಗ್ಯಾವು, ನೋಡಿದವರೆಲ್ಲಾ ಗೊಂಬಿ ಮನಿ ಹಂಗದಾವು ಅಂತಾರ. ಅಡಗಿಮನಿಯಾಗ ಗ್ಯಾಸೂ ಐತಿ, ರೊಟ್ಟಿಗಂತ ಒಲಿನೂ ಐತಿ. ಎಲ್ಲಾರೂ ಒಂದ ದಿನ ಸಾಮಾನು ತಂದ್ವಿ. ನಾ ಒಡ್ಡಿನ ಆಚಿ ಹೋಗಿ ಬೇವಿನ ಗಿಡದ ಕೆಳಗ ಟ್ರಂಕು ಇಳಿಸಿದೆ. ದೊಡ್ಡ ತ್ಯಾಗ ಮಾಡಿದಾಕಿ ಹಂಗ ಗತ್ತಿನಿಂದ ಇಳಿಸಿದೆ, ಸುಳ್ಳ್ಯಾಕ ಹೇಳ್ಲಿ.

ಎರಡನೇ ದಿನ ನಳದಾಗ ಹನಿ ಹನಿ ನೀರು. ಮ್ಯಾಲ ಮೂವರೂ ಬಟ್ಟಿ ಒಗಿಯೂತನಕ ನನ್ನ ಬಕೀಟು ತುಂಬಲಿಲ್ಲ. ನಾಕನೇ ದಿನ ಗಾಳಿ ಎದ್ದು ಅಡಗಿಮನಿ ಹೊಗಿ, ಬಚ್ಚಲ ನಾತ ಎಲ್ಲಾ ನನ್ನ ಹಾಸಿಗಿಗೇ ಬಂತು. ಕಿಡಕಿ ಹಾಕಿಕೊಂಡು ಬೆವರಿದೆ. ಯಾರಿಗೂ ಅನ್ನಲಿಲ್ಲ. ಅನ್ನಾಕ ನನಗ ಬಾಯಿ ಎಲ್ಲಿತ್ತು?

ಮುಂಜಾನಿ ಚಹಾ ಆದಕೂಡ್ಲೆ ಒಡ್ಡಿನ ಮ್ಯಾಲ ಬಂದು ನಿಂತು, "ಅಕ್ಕೋರ, ಚಹಾ ಆತ್ರಿ!" ಅಂತ ಕೂಗ್ತಿದ್ರು. ಮೊದಮೊದಲು ಮೂವರೂ ಬರ್ತಿದ್ರು. ಆಮ್ಯಾಲ ಒಬ್ಬರು. ಒಂದು ದಿನ ಯಾರೂ ಬರಲಿಲ್ಲ.

ಜಳಕಾ ಮಾಡಿ, ತಲಿ ಹಿಕ್ಕೊಂಡು, ಕಟ್ಟಿ ಮ್ಯಾಲ ಕುಂತಿದ್ದೆ. ಬಿಸಿಲು ಮಣಕಾಲಿಗೆ ಬಂತು. ಈಗ ಕರೀತಾರ, ಈಗ ಕರೀತಾರ ಅಂದುಕೊಂಡೆ. ಅಡಗಿಮನಿ ಕಡಿಂದ ಕಪ್ಪು ಬಸಿ ಸಪ್ಪಳ, ಆಮ್ಯಾಲ ಮೂವರೂ ಕೂಡಿ ನಕ್ಕ ಸಪ್ಪಳ ಬಂತು. ಜಾಗಾ ನಂದು, ಹೊಲ ನಂದು, ನನ್ನ ಮರತ್ರಲ್ಲ! ಅದರಾಗೂ ಆಕಿ? ಆಕೀನೂ ಮರತ್ಳೇನು? ಸಿಟ್ಟು ನೆತ್ತಿಗೇರಿ ಚಪ್ಪಲಿ ಮೆಟ್ಟಿಕೊಂಡು ಒಡ್ಡು ಹತ್ತಿದೆ. ಇವತ್ತು ಮೂವರಿಗೂ ಬಿಡಂಗಿಲ್ಲ ಅಂದುಕೊಂತ ಹೋದೆ.

ಅಡಗಿಮನಿ ಬಾಗಲ ಪೂರಾ ತೆರದಿತ್ತು. ಹಿಂದಿ ಅಕ್ಕೋರು, ಗಣಿತದ ಅಕ್ಕೋರು ಚಾಪಿ ಮ್ಯಾಲ ಕುಂತು ಬಸಿಯಾಗ ಚಹಾ ಕುಡಿಯಾಕತ್ತಿದ್ರು. ನನ್ನ ಗೆಳತಿ ಒಲಿ ಮುಂದ ಇದ್ದಳು. ಒಳಗ ಹೋಗಬೇಕಂತ ಕಾಲು ಎತ್ತಿದೆ. ಕಾಲು ಹೊಸ್ತಲ ದಾಟಲಿಲ್ಲ. ಕರೀದ ಹೋಗೂದು ಹೆಂಗ ಅನಿಸ್ತು. ನನ್ನ ಅಡಗಿಮನಿ, ನಾ ಗೆರಿ ಹಾಕಿದ ಅಡಗಿಮನಿ, ಅದರ ಹೊರಗ ಚಪ್ಪಲಿ ಬಿಟ್ಟು ನಿಂತೇನಿ, ಯಾರರ ಬರ್ರಿ ಅಂತಾರೇನ ಅಂತ ಮುಖ ನೋಡಿಕೊಂತ.

ಆಕೀನ ಮೊದಲ ನೋಡಿದ್ಳು.

"ಯಾಕ್ರಿ ಅಕ್ಕೋರ, ಅಲ್ಲೇ ನಿಂತ್ರಿ?"

"ನೀವ್ಯಾರೂ ಕರೀಲಿಲ್ಲ" ಅಂದೆ. ಬೈಯಾಕ ಬಂದಾಕಿ, ಬೇಡಿದಂಗ ಅಂದೆ.

ಹಿಂದಿ ಅಕ್ಕೋರು ನಾಲಿಗಿ ಕಚ್ಚಿಕೊಂಡು ಬಸಿ ಕೆಳಗಿಟ್ಟರು. "ಅಯ್ಯ, ಮರತ ಬಿಟ್ವಿರಿ!" ಅಂದ್ರು. ನನ್ನ ಗೆಳತಿ ಮಾತ್ರ ನನ್ನ ಮುಖಾನ ನೋಡಿಕೊಂತ ಕುಂತಿದ್ದಳು.

"ಆ ಮನಿಗೆ ಹೋಗಿ ಎಷ್ಟು ದಿನಾ ಆತ್ರಿ ನೀವು?" ಅಂತ ಕೇಳಿದ್ಳು.

"ಒಂಬತ್ತು" ಅಂದೆ.

ಆಕಿ ಒಲಿ ಕಡೆ ತಿರುಗಿದ್ಳು. ನನಗಂತ ಒಂದು ಕಪ್ಪು ತಗೊಂಡು ಸೆರಗಿಲೆ ಒರಸಿದ್ಳು. ನಾ ಹೊಸ್ತಲಾಚಿ ಇನ್ನೂ ನಿಂತ ಇದ್ದೆ.